ಘಟ್ಟ ಇಳಿದು ಹೋಗಿ, ಹತ್ತಿ ಬರಬೇಡಿ: ಶಿರಸಿಯಿಂದ ಕಾರವಾರಕ್ಕೆ ಸಹಾಯಾರ್ಥ ಸೈಕಲ್ ಸವಾರಿ

ಪ್ರಶ್ನೆ: ನಾವು ಶಿರಸಿಯ ಐವರು ಗೆಳೆಯರು, ವಯಸ್ಸು 34ರಿಂದ 52. ನಮ್ಮಲ್ಲೊಬ್ಬನ ಅಣ್ಣನಿಗೆ ಡಯಾಲಿಸಿಸ್ ನಡೆಯುತ್ತಿದೆ. ಅಂಥ ಬಡ ರೋಗಿಗಳಿಗೆ ಹಣ ಕೂಡಿಸಲು ಜನವರಿಯಲ್ಲಿ ಒಂದು ಸವಾರಿ ಮಾಡೋಣ ಅಂತಿದ್ದೇವೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಮೇಲೆ ಒಂದೇ ದಿನದಲ್ಲಿ ಕಾರವಾರ. ಮರುದಿನ ಅದೇ ದಾರಿಯಲ್ಲಿ ವಾಪಸ್. ಇಬ್ಬರಿಗೆ ಚೆನ್ನಾಗಿ ಅಭ್ಯಾಸವಿದೆ, ಇಬ್ಬರು ಬೆಳಿಗ್ಗೆ ಹದಿನೈದು ಇಪ್ಪತ್ತು ಕಿ.ಮೀ. ಹೊಡೆಯುತ್ತಾರೆ. ಹಿರಿಯರಿಗೆ ಸಕ್ಕರೆ ಕಾಯಿಲೆ, ಮಾತ್ರೆ ನಡೆದಿದೆ. ದುಬೈಯಲ್ಲಿರುವ ಊರಿನವರೂ ಹಣ ಕೊಡುತ್ತೇವೆ ಅಂದಿದ್ದಾರೆ. ಇದು ಆಗುವ ಕೆಲಸವೇ? ಹಣ ಹೇಗೆ ಕೂಡಿಸಬೇಕು?

ಉತ್ತರ: ಆಗುತ್ತದೆ, ಆದರೆ ನೀವು ಹಾಕಿಕೊಂಡ ರೂಪದಲ್ಲಿ ಬೇಡ. ಶಿರಸಿಯಿಂದ ಕುಮಟಾ ಸುಮಾರು 60 ಕಿ.ಮೀ., ಕುಮಟಾದಿಂದ ಕಾರವಾರ ಇನ್ನೊಂದು 70. ನಿಮ್ಮ ಲೆಕ್ಕದಲ್ಲಿ ಎರಡು ದಿನಕ್ಕೆ 260 ಕಿ.ಮೀ. ಆಯಿತು, ಅದೂ ಎರಡನೆಯ ದಿನದ ಕೊನೆಗೆ, ಕಾಲು ಸೋತ ಹೊತ್ತಿನಲ್ಲಿ, ದೇವಿಮನೆ ಘಟ್ಟ ಹತ್ತಬೇಕು. ನಿಮ್ಮ ಪೈಕಿ ಇಬ್ಬರು ಅದನ್ನು ಮಾಡಿಯಾರು. ಉಳಿದ ಮೂವರನ್ನು ಗಾಡಿಗೆ ಹತ್ತಿಸಿಕೊಂಡು ಬರಬೇಕಾಗುತ್ತದೆ. ಗಾಡಿ ಹತ್ತುವುದರಲ್ಲಿ ನಾಚಿಕೆಯೇನಿಲ್ಲ, ಆದರೆ ಐವರು ಕೂಡಿ ಹೊರಟ ಕೆಲಸಕ್ಕೆ ಇಬ್ಬರೇ ಮುಗಿಸುವಂಥ ದಾರಿಯನ್ನು ಯಾಕೆ ಆರಿಸಬೇಕು?

ದೂರದ ಸವಾರಿ ಅಂದ ಕೂಡಲೇ ಅಭ್ಯಾಸ ಇದ್ದವರ ಮನಸ್ಸಿಗೆ ಬರುವುದು ಬ್ರೆವೆ, ಅಂದರೆ ಗೊತ್ತಾದ ದೂರವನ್ನು ಗೊತ್ತಾದ ಹೊತ್ತಿನೊಳಗೆ ಮುಗಿಸುವ ಸವಾರಿ. 200 ಕಿ.ಮೀ.ಗೆ ಹದಿಮೂರೂವರೆ ತಾಸು, 300ಕ್ಕೆ 20 ತಾಸು, 600ಕ್ಕೆ 40 ತಾಸು. ಹೊರಗಿನ ನೆರವಿಲ್ಲದೆ ತಾನೇ ಹೊಡೆದು ಮುಗಿಸಬೇಕು. ಅದು ತನ್ನ ಶಕ್ತಿಯನ್ನು ತಾನೇ ಅಳೆದುಕೊಳ್ಳುವ ಆಟ, ನನಗೂ ಅದರ ಮೇಲೆ ಪ್ರೀತಿ ಇದೆ. ಸಹಾಯಾರ್ಥ ಸವಾರಿಯ ಧರ್ಮ ಬೇರೆ. ಇಲ್ಲಿ ಹಣ ಕೊಟ್ಟವರು ನಿಮ್ಮ ಸರಾಸರಿ ವೇಗ ಕೇಳುವುದಿಲ್ಲ. ಹೊರಟವರೆಲ್ಲ ಮುಟ್ಟಿದರೇ, ಕೊಟ್ಟ ಹಣ ಮುಟ್ಟಿತೇ ಎಂಬ ಎರಡನ್ನೇ ಕೇಳುತ್ತಾರೆ. ನಿಮ್ಮ ಎಲ್ಲ ತೀರ್ಮಾನಗಳನ್ನೂ ಈ ಎರಡು ಪ್ರಶ್ನೆಗೆ ಹಚ್ಚಿ ನೋಡಿ.

ನನ್ನ ಸಲಹೆ ಇದು. ಮೊದಲ ದಿನ ಶಿರಸಿಯಿಂದ ಕುಮಟಾ. ರಾತ್ರಿ ಕುಮಟಾದಲ್ಲಿ ವಸತಿ. ಎರಡನೆಯ ದಿನ ಕುಮಟಾದಿಂದ ಅಂಕೋಲಾ ಮೇಲೆ ಕಾರವಾರ. ಅಲ್ಲಿಗೆ ಸವಾರಿ ಮುಗಿಯಿತು. ಸೈಕಲ್‌ಗಳನ್ನು ಪಿಕಪ್ಪಿಗೆ ಹಾಕಿ ಘಟ್ಟ ಹತ್ತಿ ಬನ್ನಿ. ಎರಡು ದಿನಕ್ಕೆ 130 ಕಿ.ಮೀ. ಆಗುತ್ತದೆ. ಈಗ ಹದಿನೈದು ಕಿ.ಮೀ. ಹೊಡೆಯುವವರು ಹತ್ತು ವಾರ ಸರಿಯಾಗಿ ತಯಾರಾದರೆ ಇದನ್ನು ನಗುತ್ತ ಮುಗಿಸಬಹುದು. ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಅಂಕೋಲಾಕ್ಕೆ ಇಳಿಯುವ ದಾರಿಯೂ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಬೇಡ. ಹುಬ್ಬಳ್ಳಿಯಿಂದ ಕರಾವಳಿಗೆ ಇಳಿಯುವ ಲಾರಿಗಳೆಲ್ಲ ಆ ದಾರಿಯಲ್ಲೇ ಬರುವುದು. ಹೊಸಬರನ್ನು ಅಲ್ಲಿ ಸೈಕಲ್ ಮೇಲೆ ಕೂರಿಸಲು ನನಗೆ ಧೈರ್ಯವಿಲ್ಲ.

ಎರಡೂ ದಿನ ಮಧ್ಯಾಹ್ನದೊಳಗೆ ಸವಾರಿ ಮುಗಿಯಬೇಕು ಎಂಬುದು ಈ ಯೋಜನೆಯ ಜೀವ. ಬಿಸಿಲು, ಸೆಕೆ ಒಂದು ಕಾರಣ. ಅದಕ್ಕಿಂತ ದೊಡ್ಡದು ಗಾಳಿ. ನಮ್ಮ ಕರಾವಳಿಯಲ್ಲಿ ಚಳಿಗಾಲದ ಬೆಳಗಿನ ಹೊತ್ತು ನೆಲದ ಕಡೆಯಿಂದ ಸಮುದ್ರದ ಕಡೆಗೆ ಮೆಲ್ಲನೆ ಮೂಡಗಾಳಿ ಇರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದು ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದಿಂದ ವಾಯವ್ಯದ ಗಾಳಿ ಜೋರಾಗುತ್ತದೆ. ಕುಮಟಾದಿಂದ ಕಾರವಾರಕ್ಕೆ ನೀವು ಹೋಗುವುದೂ ಬಹುಪಾಲು ವಾಯವ್ಯಕ್ಕೇ. ಅಂದರೆ ತಡ ಮಾಡಿದಷ್ಟೂ ಗಾಳಿ ಎದೆಗೆ. ಬೆಳಿಗ್ಗೆ ಆರಾಮಾಗಿ ಗಂಟೆಗೆ ಹದಿನೆಂಟು ಕಿ.ಮೀ. ಹೋಗುತ್ತಿದ್ದವರು ಮಧ್ಯಾಹ್ನ ಎರಡಕ್ಕೆ ಅದೇ ಶ್ರಮದಲ್ಲಿ ಹನ್ನೆರಡಕ್ಕೆ ಇಳಿಯುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ತಮ್ಮ ಕಾಲನ್ನೇ ಬೈದುಕೊಂಡಿದ್ದನ್ನು ನೋಡಿದ್ದೇನೆ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ಬೆಳಕು ಹರಿಯುತ್ತಿದ್ದಂತೆ, ಆರೂ ಮುಕ್ಕಾಲಿಗೆಲ್ಲ ಪೆಡಲ್ ಮೇಲೆ ಕಾಲಿಟ್ಟರೆ ಚಹಾ, ತಿಂಡಿ, ಪಂಕ್ಚರ್ ಎಲ್ಲ ಸೇರಿಸಿ ಹನ್ನೆರಡೂವರೆಗೆ ಕಾರವಾರ. ಒಂದು ವೇಳೆ ಗಾಳಿ ಮೊದಲೇ ಎದ್ದರೆ ಬಲ ಇದ್ದ ಇಬ್ಬರು ಸರದಿಯ ಮೇಲೆ ಮುಂದೆ ಹೋಗಲಿ, ಉಳಿದವರು ಅವರ ಹಿಂದೆ ಒಂದು ಸೈಕಲ್ಲಿನಷ್ಟು ಅಂತರ ಬಿಟ್ಟು ಸಾಲಾಗಿ ಬರಲಿ. ಮುಂದಿನವರ ಬೆನ್ನ ಮರೆಯಲ್ಲಿ ಎದುರುಗಾಳಿಯ ಹೊಡೆತ ಎಷ್ಟೋ ತಗ್ಗುತ್ತದೆ.

ಇನ್ನು ಘಟ್ಟ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕುಮಟಾ ಸಮುದ್ರದ ಮಗ್ಗುಲಲ್ಲಿ. ಹಾಗಂತ ಶಿರಸಿಯಿಂದಲೇ ಇಳುಕಲು ಶುರು ಅಂದುಕೊಳ್ಳಬೇಡಿ. ರಾಗಿಹೊಸಳ್ಳಿ ದಾಟುವ ತನಕ ಏರು ತಗ್ಗು ಇದ್ದೇ ಇದೆ. ದೇವಿಮನೆಯ ದೇವಸ್ಥಾನದ ಹತ್ತಿರ ಎಲ್ಲರೂ ನಿಲ್ಲಿ. ಜಾಕೆಟ್ ತೆಗೆಯಿರಿ, ಬ್ರೇಕ್ ಒತ್ತಿ ನೋಡಿ, ಚಕ್ರ ಬಿಗಿಯಾಗಿದೆಯೇ ಪರೀಕ್ಷಿಸಿ. ಇಳಿಯುವಾಗ ಬ್ರೇಕನ್ನು ಸತತವಾಗಿ ಹಿಡಿದುಕೊಂಡೇ ಇರುವುದು ಹೊಸಬರ ಅಭ್ಯಾಸ, ಅದು ಅಪಾಯ. ರಿಮ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ರಿಮ್ ಕಾದು ಟ್ಯೂಬೇ ಒಡೆಯಬಹುದು. ಡಿಸ್ಕ್ ಇದ್ದರೂ ಕಾದ ಬ್ರೇಕ್ ಸೊರಗುತ್ತದೆ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಿ, ಮತ್ತೆ ನೇರದಲ್ಲಿ ಒತ್ತಿ. ತಿರುವಿನ ಒಳಗಡೆಯ ಪೆಡಲ್ ಮೇಲಿರಲಿ, ಹೊರಗಡೆಯದು ಕೆಳಗೆ. ಜನವರಿ ಬೆಳಿಗ್ಗೆ ಮರದ ನೆರಳಿನ ರಸ್ತೆಯಲ್ಲಿ ಇಬ್ಬನಿ ಬಿದ್ದು ಒದ್ದೆ ಇರುತ್ತದೆ, ಮೇಲೆ ಒಣ ಎಲೆಯ ಹಾಸು. ಅದರ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಎದುರು ಬರುವ ಬಸ್ಸು ತಿರುವಿನಲ್ಲಿ ಇಡೀ ರಸ್ತೆ ತುಂಬಿಕೊಂಡು ಬರುತ್ತದೆಂದೇ ತಿಳಿದು ಎಡ ಅಂಚು ಬಿಡಬೇಡಿ. ಇಳಿಯುವಾಗ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕನಿಷ್ಠ ಐವತ್ತು ಮೀಟರ್ ಬಿಡಿ. ಕೆಳಗೆ ಕತಗಾಲದಲ್ಲಿ ಕೂಡಿಕೊಳ್ಳಿ. ಅಲ್ಲಿ ಎಲ್ಲರ ತಲೆ ಎಣಿಸುವ ತನಕ ಯಾರೂ ಮುಂದೆ ಹೋಗಕೂಡದು.

ಕಾಡಿನ ದಾರಿಯಲ್ಲಿ ಇನ್ನೊಂದು ಎಚ್ಚರಿಕೆ, ಹೊರಗಿನಿಂದ ಬಂದ ಸವಾರರಿಗೆ ಇದು ಗೊತ್ತೇ ಇರುವುದಿಲ್ಲ. ಮಂಗನ ಕಾಯಿಲೆ ಹರಡುವ ಕಾಲ ಡಿಸೆಂಬರಿನಿಂದ ಮೇ ತನಕ. ಸಿದ್ದಾಪುರದ ಕಡೆ ಹೆಚ್ಚು ಕಂಡಿದ್ದರೂ ನಮ್ಮ ಜಿಲ್ಲೆಯ ಕಾಡಂಚಿನಲ್ಲೆಲ್ಲ ಜಾಗ್ರತೆ ಬೇಕು. ಅದನ್ನು ಹರಡುವುದು ಉಣುಗು. ಆದ್ದರಿಂದ ಸುಸ್ತಾಯಿತೆಂದು ರಸ್ತೆ ಪಕ್ಕ ಒಣ ಎಲೆಯ ಮೇಲೆ ಅಡ್ಡಾಗಬೇಡಿ. ಊರು, ಅಂಗಡಿ, ಬಸ್ ತಂಗುದಾಣ ಇದ್ದಲ್ಲಿ ಕಟ್ಟೆಯ ಮೇಲೆ ಕುಳಿತುಕೊಳ್ಳಿ. ಮುಟ್ಟಿದ ಮೇಲೆ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಲ್ಲಿ ಹಾಕಿ.

ಹೆದ್ದಾರಿಯ ಮೇಲೆ ಮಾತ್ರ ಎರಡು ಸಾಲು ಬೇಡ. ಮಾತಾಡುವ ಆಸೆ ಆಗುತ್ತದೆ, ಗೆಳೆಯರಲ್ಲವೇ. ಆದರೂ ಒಬ್ಬರ ಹಿಂದೆ ಒಬ್ಬರೇ ಹೋಗಿ. ಹಿಂದೆ ಮಿನುಗುವ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಅಘನಾಶಿನಿ, ಗಂಗಾವಳಿ ಸೇತುವೆಗಳ ಮೇಲೆ ಫೋಟೋಕ್ಕೆ ನಿಲ್ಲಬೇಡಿ, ದಾಟಿ ನಿಂತರೂ ನದಿ ಕಾಣುತ್ತದೆ. ಶಿರೂರಿನ ಗುಡ್ಡದ ಹತ್ತಿರ 2024ರ ಜುಲೈನಲ್ಲಿ ಗುಡ್ಡ ಕುಸಿದು ಏನಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಜನವರಿಯಲ್ಲಿ ಮಳೆ ಇಲ್ಲ, ಆದರೂ ಕಡಿದ ಗುಡ್ಡದ ಬುಡದಲ್ಲಿ ವಿಶ್ರಾಂತಿಗೆ ನಿಲ್ಲುವ ರೂಢಿ ಬಿಡಿ. ಅಮದಳ್ಳಿ ದಾಟಿ ಕಾರವಾರ ಹತ್ತಿರವಾದಂತೆ ಸುರಂಗ ಬರುತ್ತದೆ. ಒಳಗೆ ಹೋಗುವ ಮೊದಲು ಕಪ್ಪು ಕನ್ನಡಕ ತೆಗೆದು, ಮುಂದಿನ ದೀಪವನ್ನೂ ಹಚ್ಚಿಕೊಂಡು, ನಿಮ್ಮ ಸಹಾಯದ ಗಾಡಿಯನ್ನು ಹಿಂದೆ ಇಟ್ಟುಕೊಂಡು ಒಟ್ಟಿಗೆ ದಾಟಿ. ಅಪಘಾತವಾದರೆ 112 ಅಥವಾ 108. ಹೆದ್ದಾರಿಯ ಮೇಲೆ 1033 ಕೂಡ ಇದೆ. ಈ ಮೂರೂ ಸಂಖ್ಯೆ ಎಲ್ಲರ ಫೋನಿನಲ್ಲೂ ಇರಲಿ.

ನಿಮ್ಮ ಹಿರಿಯ ಗೆಳೆಯರ ವಿಷಯ. ಸಕ್ಕರೆ ಕಾಯಿಲೆ ಇದ್ದವರು ಸೈಕಲ್ ಹೊಡೆಯಬಾರದೆಂದಿಲ್ಲ, ಹೊಡೆದರೆ ಒಳ್ಳೆಯದೇ. ಪ್ರಶ್ನೆ ಇರುವುದು ಯಾವ ಮಾತ್ರೆ ಎಂಬುದರಲ್ಲಿ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಇಳಿಯುವ ಭಯ ಕಡಿಮೆ. ಗ್ಲಿಮೆಪಿರೈಡ್‌ನಂಥದು ಅಥವಾ ಇನ್ಸುಲಿನ್ ಇದ್ದರೆ ತಾಸುಗಟ್ಟಲೆ ಪೆಡಲ್ ತುಳಿದಾಗ ಸಕ್ಕರೆ ಏಕಾಏಕಿ ಕುಸಿಯಬಹುದು. ಆ ದಿನ ಎಷ್ಟು ತೆಗೆದುಕೊಳ್ಳಬೇಕೆಂದು ಅವರ ವೈದ್ಯರೇ ಹೇಳಬೇಕು. ತಾವಾಗಿ ಮಾತ್ರೆ ಬಿಡುವುದು, ಅರ್ಧ ಮಾಡುವುದು ಬೇಡ. 52ರ ವಯಸ್ಸಿಗೆ ಹೃದಯದ ತಪಾಸಣೆಯನ್ನೂ ಅದೇ ಭೇಟಿಯಲ್ಲಿ ಕೇಳಿ. ಸವಾರಿಯಲ್ಲಿ ಗ್ಲುಕೋಮೀಟರ್ ಗಾಡಿಯಲ್ಲಿರಲಿ, ಗ್ಲುಕೋಸ್ ಪುಡಿ ಅವರ ಜೇಬಿನಲ್ಲೇ ಇರಲಿ. ಕೈ ನಡುಕ, ತಣ್ಣನೆಯ ಬೆವರು, ಕಾರಣವಿಲ್ಲದ ಸಿಡುಕು, ಮಾತಿನಲ್ಲಿ ಗೊಂದಲ ಕಂಡರೆ ಚರ್ಚೆ ಮಾಡದೆ ನಿಲ್ಲಿಸಿ ಸಿಹಿ ಕೊಡಿ. ಈ ಲಕ್ಷಣಗಳು ಐವರಿಗೂ ಗೊತ್ತಿರಬೇಕು, ಯಾಕೆಂದರೆ ಸಕ್ಕರೆ ಇಳಿದವರಿಗೆ ತಮಗೆ ಹಾಗಾಗಿದೆ ಎಂದೇ ಹೊಳೆಯುವುದಿಲ್ಲ.

ಗುಂಪಿನ ವೇಗ ಅವರದೇ ಆಗಿರಲಿ. ಬಲ ಇದ್ದವರಿಗೆ ಇದು ಕಷ್ಟ, ನಿಜ. ಮುಂದೆ ಹೋಗಿ ಹತ್ತು ನಿಮಿಷ ಕಾದು, ಹಿಂದಿನವರು ಬಂದು ಮುಟ್ಟುತ್ತಿದ್ದಂತೆ "ಹೋಪನಾ?" ಎಂದು ಹೊರಟುಬಿಡುತ್ತಾರೆ. ಕಾದವರಿಗೆ ವಿಶ್ರಾಂತಿ ಸಿಕ್ಕಿತು, ದಣಿದು ಬಂದವರಿಗೆ ಇಲ್ಲ. ಮೂರನೆಯ ಸಲ ಹೀಗಾದಾಗ ಹಿಂದಿನವರ ಮನಸ್ಸೇ ಮುರಿಯುತ್ತದೆ, ಕಾಲು ಆಮೇಲೆ. ಕೊನೆಯವರು ಬಂದು ಐದು ನಿಮಿಷ ಕುಳಿತ ಮೇಲೇ ಹೊರಡುವುದು ಎಂದು ಮೊದಲೇ ಮಾತಾಡಿಕೊಳ್ಳಿ. ಅಭ್ಯಾಸ ಇರುವ ಇಬ್ಬರಲ್ಲಿ ಒಬ್ಬರು ಯಾವಾಗಲೂ ಕಡೆಯಲ್ಲಿರಲಿ, ಪಂಪು ಮತ್ತು ಟ್ಯೂಬು ಅವರ ಹತ್ತಿರ.

ತಯಾರಿಗೆ ನಿಮ್ಮೂರಿನ ಬನವಾಸಿ ದಾರಿ ಇದೆಯಲ್ಲ, ಹೋಗಿ ಬಂದರೆ ಸುಮಾರು 45 ಕಿ.ಮೀ., ದೊಡ್ಡ ಏರಿಲ್ಲ. ವಾರಕ್ಕೆ ಮೂರು ಸವಾರಿ ಸಾಕು: ಎರಡು ಚಿಕ್ಕವು, ಭಾನುವಾರ ಒಂದು ಉದ್ದದ್ದು. ಉದ್ದದ್ದನ್ನು 20ರಿಂದ ಶುರು ಮಾಡಿ ವಾರವಾರ ನಾಲ್ಕೈದು ಕಿ.ಮೀ. ಏರಿಸುತ್ತ 55ಕ್ಕೆ ತನ್ನಿ. ನಡುವೆ ಒಂದು ವಾರ ಇಳಿಸಿ, ದೇಹಕ್ಕೆ ಬಿಡುವು ಕೊಡಿ. ಎಂಟನೆಯ ವಾರ ಶನಿವಾರ, ಭಾನುವಾರ ಎರಡೂ ದಿನ 45, 45 ಹೊಡೆಯಿರಿ. ಎರಡನೆಯ ಬೆಳಿಗ್ಗೆ ಸೀಟಿನ ಮೇಲೆ ಕೂರುವಾಗ ಏನನಿಸುತ್ತದೆ ಎಂಬುದು ಗೊತ್ತಾಗಬೇಕು, ಅದೇ ನಿಜವಾದ ಪರೀಕ್ಷೆ. ಕೊನೆಯ ವಾರ ಹಗುರ.

ಸೈಕಲ್ ಹೊಸದು ಕೊಳ್ಳಬೇಕೇ? ಇಲ್ಲ. ಗೇರ್ ಇರುವ ಯಾವ ಒಳ್ಳೆಯ ಸೈಕಲ್ಲೂ ಸಾಕು. ಹೊಸ ಬ್ರೇಕ್ ಪ್ಯಾಡ್, ಸವೆಯದ ಟೈರು, ಎಣ್ಣೆ ಹಾಕಿದ ಚೈನು, ಸರಿಯಾದ ಸೀಟಿನ ಎತ್ತರ ಇದ್ದರೆ ಹೊಸ ಸೈಕಲ್ಲಿನ ಮುಕ್ಕಾಲು ಲಾಭ ಬಂದಂತೆ. ಪೆಡಲ್ ತಳಕ್ಕೆ ಬಂದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಡುವುದರಿಂದ ಮೊಣಕಾಲು ಸ್ವಲ್ಪ ಬಾಗಿರುತ್ತದೆ, ಅದೇ ಬೇಕಾದದ್ದು. ನಮ್ಮಲ್ಲಿ ಹೆಚ್ಚಿನವರ ಸೀಟು ತಗ್ಗಾಗಿರುತ್ತದೆ, ಮೊಣಕಾಲ ನೋವಿನ ಮೂಲ ಎಷ್ಟೋ ಸಲ ಅಲ್ಲೇ. ಮೆತ್ತೆ ಇರುವ ಚಡ್ಡಿ ಒಂದನ್ನು ಮಾತ್ರ ಕೊಳ್ಳಿ, ಒಳಚಡ್ಡಿ ಇಲ್ಲದೆ ಹಾಕಿ, ಉಜ್ಜುವಲ್ಲಿ ವ್ಯಾಸಲೀನ್ ಹಚ್ಚಿ. ಹೆಲ್ಮೆಟ್ ಬಗ್ಗೆ ಮಾತೇ ಇಲ್ಲ, ಬೇಕೇ ಬೇಕು.

ಆಹಾರದಲ್ಲಿ ಹೊಸ ಪ್ರಯೋಗ ಬೇಡ. ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗುತ್ತಿರಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಲೆಕ್ಕ ಸುಲಭ. ಹಿರಿಯರ ಪ್ರಮಾಣವನ್ನು ಮಾತ್ರ ಅವರ ವೈದ್ಯರನ್ನು ಕೇಳಿಯೇ ಇಡಿ. ಬೆಳಿಗ್ಗೆ ಅವಲಕ್ಕಿಯೋ ಇಡ್ಲಿಯೋ, ದಾರಿಯಲ್ಲಿ ಬಾಳೆಹಣ್ಣು, ಖರ್ಜೂರ, ಶೇಂಗಾ ಚಿಕ್ಕಿ. ಘಟ್ಟದ ಕೆಳಗೆ ಇಳಿದ ಮೇಲೆ ಬೆವರು ಸುರಿಯುತ್ತದೆ. ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು, ಆದರೆ ಬರೀ ನೀರಲ್ಲ, ಉಪ್ಪೂ ಬೇಕು. ಎಳನೀರು ಒಳ್ಳೆಯದೇ, ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಹಾಗಾಗಿ ಚಿಟಿಕೆ ಉಪ್ಪು ಬೆರೆಸಿಕೊಳ್ಳಿ. ಉಪ್ಪು, ಬೆಲ್ಲ ಹಾಕಿದ ಮುರುಗಲ ಪಾನಕಕ್ಕೆ ಸಮನಾದದ್ದು ನಮ್ಮ ಸೆಕೆಗೆ ಬೇರೆ ಇಲ್ಲ ಎಂಬುದು ನನ್ನ ಅನುಭವ. ಅದು ಸಿಗದಿದ್ದರೆ ಓಆರ್‌ಎಸ್ ಪುಡಿ ಇದ್ದೇ ಇದೆ.

ಈಗ ಹಣ. ನಿಮ್ಮ ಪತ್ರದಲ್ಲಿ ಇದಕ್ಕೆ ಒಂದೇ ಸಾಲು ಇತ್ತು, ನನ್ನ ದೃಷ್ಟಿಯಲ್ಲಿ ಸವಾರಿಗಿಂತ ಹೆಚ್ಚು ಯೋಚನೆ ಬೇಕಾದದ್ದು ಇಲ್ಲೇ.

ಮೊದಲು, ಹಣ ಯಾವುದಕ್ಕೆ ಎಂಬುದನ್ನು ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ ಕೇಳಿ. ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಿಂದ ಇದೆ. ಸರ್ಕಾರಿ ಕೇಂದ್ರದಲ್ಲಿ ಅದು ಸಿಗುವ ರೋಗಿಗೂ ಬೇರೆ ಖರ್ಚು ತಪ್ಪುವುದಿಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ತಾಸು ಯಂತ್ರದ ಮುಂದೆ. ಘಟ್ಟದ ಹಳ್ಳಿಯಿಂದ ಬರುವವರಿಗೆ ಹೋಗಿಬರುವ ಬಸ್ಸು, ಆಟೋ, ಜೊತೆಗೆ ಬಂದವರ ಒಂದು ದಿನದ ಕೂಲಿ, ಹೊರಗಿನ ಅಂಗಡಿಯ ಔಷಧ. ನಿಮ್ಮ ಗೆಳೆಯನ ಅಣ್ಣನನ್ನೇ ಕೇಳಿ, ತಿಂಗಳಿಗೆ ಓಡಾಟಕ್ಕೆ ಎಷ್ಟು ಹೋಗುತ್ತದೆ ಎಂದು. "ಇಂತಿಷ್ಟು ರೋಗಿಗಳ ಆರು ತಿಂಗಳ ಪ್ರಯಾಣದ ಖರ್ಚು" ಎಂದು ಗುರಿ ಇಟ್ಟು ಕೇಳಿದರೆ ಕೊಡುವವರಿಗೂ ಅರ್ಥವಾಗುತ್ತದೆ, ಕೊನೆಗೆ ಲೆಕ್ಕ ಕೊಡುವುದೂ ಸುಲಭ.

ಎರಡನೆಯದು, ಆ ಹಣ ನಿಮ್ಮ ಯಾರ ಸ್ವಂತ ಖಾತೆಗೂ ಬರಕೂಡದು. ನಿಮ್ಮ ಪ್ರಾಮಾಣಿಕತೆಯ ಪ್ರಶ್ನೆ ಅಲ್ಲ. ಒಬ್ಬರ ಯುಪಿಐ ಸಂಖ್ಯೆಗೆ ಬಂದ ದೇಣಿಗೆ ಮನೆಯ ದಿನಸಿಯ ಹಣದ ಜೊತೆ ಸೇರಿದರೆ ಮೂರು ತಿಂಗಳ ಮೇಲೆ ಬಿಡಿಸಲು ಬರುವುದಿಲ್ಲ; ಊರಿನಲ್ಲಿ ಒಂದು ಮಾತು ಹುಟ್ಟಿದರೆ ಗೆಳೆತನವೇ ಕೆಡುತ್ತದೆ. ಡಯಾಲಿಸಿಸ್ ರೋಗಿಗಳಿಗೆ ನೆರವಾಗುವ ನೋಂದಾಯಿತ ಟ್ರಸ್ಟ್ ಒಂದನ್ನು ಹುಡುಕಿ, ದೇಣಿಗೆ ನೇರ ಅದರ ಖಾತೆಗೆ ಹೋಗಲಿ. ಅದಕ್ಕೆ 80ಜಿ ಮಾನ್ಯತೆ ಇದೆಯೇ ಕೇಳಿ. ಇದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ವಿನಾಯಿತಿ ಸಿಗುತ್ತದೆ, ಹೊಸ ಪದ್ಧತಿಯವರಿಗೆ ಇಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿಯೂ ಇಲ್ಲ ಎಂದು ದೊಡ್ಡ ಮೊತ್ತ ಕೊಡುವವರಿಗೆ ಮೊದಲೇ ತಿಳಿಸಿ. ಪೇಟೆಯಲ್ಲಿ ಡಬ್ಬಿ ಹಿಡಿದು ಬಂದ ಚಿಲ್ಲರೆಯನ್ನು ಅದೇ ದಿನ ಇಬ್ಬರ ಎದುರು ಎಣಿಸಿ, ಬರೆದು, ಟ್ರಸ್ಟಿನ ರಸೀದಿ ಪಡೆಯಿರಿ.

ದುಬೈಯವರ ಹಣ: ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರದು ಆಗುತ್ತದೆ, ಅವರ ಮೂಲ ಹೊನ್ನಾವರವೇ ಇರಲಿ, ಭಟ್ಕಳವೇ ಇರಲಿ. ಅಂಥ ಹಣವನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ, ಅದಕ್ಕಾಗಿಯೇ ಇರುವ ಖಾತೆಯಲ್ಲಿ ಪಡೆಯಬಹುದು. ಟ್ರಸ್ಟಿಗೆ ಆ ನೋಂದಣಿ ಇಲ್ಲದಿದ್ದರೆ ಕೃತಜ್ಞತೆ ಹೇಳಿ ಬೇಡ ಅನ್ನಿ.

ಮೂರನೆಯದರ ಬಗ್ಗೆ ನಾನು ಹಟಮಾರಿ. ನಿಮ್ಮ ವಸತಿ, ಊಟ, ಪಿಕಪ್ ಬಾಡಿಗೆ, ಟೀ ಶರ್ಟು, ಬ್ಯಾನರು, ಒಂದು ಪೈಸೆಯೂ ದೇಣಿಗೆಯಿಂದ ಹೋಗಬಾರದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರಿಂದ ಕ್ಯಾನ್ಸರ್ ಸಂಶೋಧನೆ ಮತ್ತು ಚಿಕಿತ್ಸೆಗಾಗಿ ನಡೆಯುವ ಪ್ಯಾನ್ ಮ್ಯಾಸ್ ಚಾಲೆಂಜ್ ಎಂಬ ಸವಾರಿ ಇದೆ. ಅಲ್ಲಿ ಸವಾರರು ಕೂಡಿಸಿದ್ದು ಪೂರ್ತಿ ಡಾನಾ ಫಾರ್ಬರ್ ಸಂಸ್ಥೆಗೆ ಹೋಗುತ್ತದೆ. ಏರ್ಪಾಡಿನ ಖರ್ಚು ನೋಂದಣಿ ಶುಲ್ಕ, ಪ್ರಾಯೋಜಕರಂಥ ಬೇರೆ ಮೂಲದಿಂದ. ಅಷ್ಟು ದೊಡ್ಡವರಿಗೆ ಸಾಧ್ಯವಾದದ್ದು ಐವರಿಗೆ ಸಾಧ್ಯವಿಲ್ಲವೇ? ಖರ್ಚಿಗೆ ಐವರೂ ಸಮ ಪಾಲು ಹಾಕಿ. ಅದು ಭಾರವಾದರೆ ಟೀ ಶರ್ಟು ಬಿಡಿ. "ನೀವು ಕೊಟ್ಟದ್ದರಲ್ಲಿ ಸವಾರಿಯ ಖರ್ಚಿಗೆ ಏನೂ ಹೋಗುವುದಿಲ್ಲ" ಎಂಬ ಒಂದು ವಾಕ್ಯವನ್ನು ನಿಮ್ಮ ಮನವಿಯ ಮೇಲೆ ಬರೆಯಲು ಸಾಧ್ಯವಾದರೆ ಜನ ಎರಡನೆಯ ಮಾತಿಲ್ಲದೆ ಕೊಡುತ್ತಾರೆ. ಸವಾರಿ ಮುಗಿದು ಹದಿನೈದು ದಿನದೊಳಗೆ ಎಷ್ಟು ಬಂತು, ಟ್ರಸ್ಟಿಗೆ ಎಷ್ಟು ಮುಟ್ಟಿತು ಎಂಬುದನ್ನು ಕೊಟ್ಟವರೆಲ್ಲರಿಗೂ ಕಳಿಸಿ. ರೋಗಿಗಳ ಹೆಸರು, ಫೋಟೋ ಮಾತ್ರ ಹಾಕಬೇಡಿ. ಹಾಸಿಗೆಯ ಪಕ್ಕ ಹೆಲ್ಮೆಟ್ ಹಾಕಿ ನಿಂತ ಚಿತ್ರ ಯಾರಿಗೂ ಬೇಕಾಗಿಲ್ಲ.

ದಿನ ಯಾವುದು ಎಂದರೆ, ಸಂಕ್ರಾಂತಿಗೂ ಜನವರಿ 26ಕ್ಕೂ ನಡುವಿನ ವಾರದ ಎರಡು ದಿನ, ಶನಿವಾರ ಭಾನುವಾರ ಬಿಟ್ಟು. ರಜೆಯ ದಿನಗಳಲ್ಲಿ ಗೋಕರ್ಣ, ಮುರ್ಡೇಶ್ವರಕ್ಕೆ ಹೋಗುವ ಗಾಡಿಗಳಿಂದ ಹೆದ್ದಾರಿ ತುಂಬಿರುತ್ತದೆ. ಹತ್ತು ದಿನ ಮೊದಲು ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ನಡೆದಿದೆಯೇ, ಸಂಚಾರ ಬಂದ್ ಇದೆಯೇ ವಿಚಾರಿಸಿ. ಆ ರಸ್ತೆ ಕಾಮಗಾರಿಗೆಂದು ಮುಚ್ಚಿದ ಉದಾಹರಣೆ ಇದೆ. ಶಿರಸಿ, ಕುಮಟಾ, ಅಂಕೋಲಾ, ಕಾರವಾರ ಠಾಣೆಗಳಿಗೆ ದಿನಾಂಕ, ಹೊತ್ತು, ಐವರ ಹೆಸರು, ಗಾಡಿಯ ನಂಬರ್ ಬರೆದು ಒಂದು ಪತ್ರ ಕೊಟ್ಟಿಡಿ. ಮನವಿ ಪತ್ರದ ಕರಡು ಸಿದ್ಧವಾದಾಗ ನನಗೆ ಕಳಿಸಿ, ಓದಿ ತಿದ್ದುಪಡಿ ಇದ್ದರೆ ಹೇಳುತ್ತೇನೆ. ಹಿರಿಯರು ವೈದ್ಯರನ್ನು ಕಂಡು ಬಂದ ಮೇಲೆ ಅವರು ಏನೆಂದರು ಎಂಬುದನ್ನೂ ಬರೆಯಿರಿ, ದಿನಕ್ಕೆ ಎಷ್ಟು ದೂರ ಎಂಬುದನ್ನು ಅದರ ಮೇಲೆ ಇನ್ನೊಮ್ಮೆ ನೋಡೋಣ.